ಅಮ್ಮ ಬರೀ ಆತ್ಮವಾಗಿರಲಿಲ್ಲ

ಓದುಗರ ಪತ್ರ:

"ಕಳೆದ ಸಂಚಿಕೆಯಲ್ಲಿ ನೀವು, ಕೊನೆಯ ದಿನ ದೇಹವೂ ಎದ್ದು ಬರುತ್ತದೆ ಎಂದು ಬರೆದಿದ್ದಿರಿ. ನಮ್ಮ ಅಮ್ಮ ಎಂಟು ವರ್ಷ ಹಾಸಿಗೆ ಹಿಡಿದಿದ್ದರು. ತೊಳೆದದ್ದು, ಮಗ್ಗುಲು ಬದಲಿಸಿದ್ದು, ಹುಣ್ಣಿಗೆ ಔಷಧಿ ಹಚ್ಚಿದ್ದು ಎಲ್ಲ ನಾನೇ. ಅವರು ಹೋದ ದಿನ, ಸದ್ಯ ಆ ದೇಹದಿಂದ ಬಿಡುಗಡೆ ಸಿಕ್ಕಿತಲ್ಲ ಎಂದು ದೇವರಿಗೆ ಸ್ತೋತ್ರ ಹೇಳಿದೆ. ಅವರ ಇಷ್ಟದಂತೆ ಕಣ್ಣು ದಾನ ಮಾಡಿ, ದೇಹವನ್ನು ದಹನ ಮಾಡಿದೆವು. ಈಗ ನೀವು ಅದೇ ದೇಹ ಮತ್ತೆ ಬರುತ್ತದೆ ಅಂತೀರಿ. ಆತ್ಮ ದೇವರ ಹತ್ತಿರ ಇದೆ, ಅಷ್ಟು ಸಾಲದೇ? ಅಮ್ಮ ನನ್ನ ತಲೆ ಮೇಲೆ ಕೈ ಇಟ್ಟ ಹಾಗೆ ಈಗಲೂ ಒಮ್ಮೊಮ್ಮೆ ಅನಿಸುತ್ತದೆ. ನನಗೆ ಅಷ್ಟೇ ಸಾಕು."

ಸಂಪಾದಕರ ಉತ್ತರ:

ನಿಮ್ಮ ಪತ್ರ ಒಂದು ವಾರದಿಂದ ನನ್ನ ಮೇಜಿನ ಮೇಲೇ ಇದೆ. ಎಂಟು ವರ್ಷ ಸೇವೆ ಮಾಡಿದವರ ಮುಂದೆ ವಾದಕ್ಕೆ ನಿಲ್ಲಲು ನನಗೆ ಮನಸ್ಸಿಲ್ಲ. ಆದರೆ ನೀವು ಕೇಳಿದ ಪ್ರಶ್ನೆಗೆ ಸುಮ್ನೆ "ಹೌದು, ಅಷ್ಟು ಸಾಕು" ಎಂದು ಬರೆದು ಕೈ ತೊಳೆದುಕೊಳ್ಳಲೂ ಆಗುತ್ತಿಲ್ಲ.

ಆತ್ಮ ದೇವರ ಹತ್ತಿರ ಇದೆ ಎಂದಿರಿ. ಸರಿ. ಶಿಲುಬೆಯ ಮೇಲಿದ್ದ ಕಳ್ಳನಿಗೆ ಯೇಸು "ಈ ಹೊತ್ತೇ ನನ್ನ ಸಂಗಡ ಪರದೈಸಿನಲ್ಲಿರುವೆ" ಎಂದಿದ್ದಾರೆ. 1336ರಲ್ಲಿ ಪೋಪ್ 12ನೇ ಬೆನೆಡಿಕ್ಟ್, ನೀತಿವಂತರ ಆತ್ಮಗಳು ಪುನರುತ್ಥಾನಕ್ಕೆ, ಅಂದರೆ ಸತ್ತವರು ದೇಹದೊಂದಿಗೆ ಎದ್ದು ಬರುವ ಆ ಕೊನೆಯ ದಿನಕ್ಕೆ, ಮೊದಲೇ ದೇವರನ್ನು ಕಾಣುತ್ತವೆ ಎಂದು ಅಧಿಕೃತವಾಗಿ ಬರೆದರು. ನಿಮ್ಮ ಆ ಸಮಾಧಾನವನ್ನು ನಾನು ಕಿತ್ತುಕೊಳ್ಳುವುದಿಲ್ಲ. ಆದರೆ ಅದು ದಾರಿಯ ನಡುವಿನ ತಂಗುದಾಣ. ಅದನ್ನೇ ಮನೆ ಅಂದುಕೊಂಡರೆ ಹೇಗೆ?

ನೀವು ಹೆದರಿರುವುದು "ಅದೇ ದೇಹ" ಎಂಬ ಮಾತಿಗೆ. ಅದೇ ಹಾಸಿಗೆ, ಅದೇ ಹುಣ್ಣು, ಅದೇ ನೋವು ಎಂದು ಕೇಳಿಸಿಕೊಂಡಿದ್ದೀರಿ. ತಪ್ಪು ನನ್ನದೇ, ನಾನು ಬಿಡಿಸಿ ಬರೆಯಬೇಕಿತ್ತು. ಯೇಸು ಸಾವಿನಿಂದ ಎಬ್ಬಿಸಿದ ಲಾಜರ ಸಮಾಧಿಯಿಂದ ಹೊರಗೆ ಬಂದಾಗ ಇದ್ದ ಬದುಕಿಗೇ ವಾಪಸ್ ಬಂದ. ಕ್ರೈಸ್ತರು ಪುನರುತ್ಥಾನ ಎನ್ನುವುದು ಅದಕ್ಕಲ್ಲ. ಅಪೊಸ್ತಲ ಪೌಲ ಕೊರಿಂಥ ಪಟ್ಟಣದ ಕ್ರೈಸ್ತರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯದಲ್ಲಿ ಬೀಜದ ಹೋಲಿಕೆ ಕೊಡುತ್ತಾನೆ. ಬಿತ್ತಿದ್ದು ಕಾಳು, ಎದ್ದದ್ದು ಪೈರು. ಕಾಳು ಹೋಗಿ ಬೇರೆ ಯಾವುದೋ ಬಂದದ್ದಲ್ಲ, ಆ ಕಾಳೇ ಪೈರಾಗಿದ್ದು. ಆದರೆ ಪೈರಿನಲ್ಲಿ ಆ ಹಳೆಯ ಸಿಪ್ಪೆಯನ್ನು ಯಾರೂ ಹುಡುಕುವುದಿಲ್ಲ. ಬಿತ್ತುವುದು ಬಲಹೀನತೆಯಲ್ಲಿ, ಏಳುವುದು ಬಲದಲ್ಲಿ ಎಂದು ಪೌಲನೇ ಹೇಳುತ್ತಾನೆ. ಎಂಟು ವರ್ಷ ಮಗ್ಗುಲು ಬದಲಿಸಲಾಗದೆ ಮಲಗಿದವರಿಗೆ ಇದಕ್ಕಿಂತ ನೇರವಾದ ಮಾತು ಯಾವುದಿದೆ?

ಅದೇ ಅಧ್ಯಾಯದಲ್ಲಿ "ಆತ್ಮಿಕ ದೇಹ" ಎಂಬ ಮಾತು ಬರುತ್ತದೆ. ಅದನ್ನು ಹಿಡಿದುಕೊಂಡು "ನೋಡಿ, ಬರೀ ಆತ್ಮವೇ ಏಳುವುದು" ಎಂದು ವಾದಿಸುವವರು ಬೇಕಾದಷ್ಟು ಜನ ಇದ್ದಾರೆ. ಮೂಲ ಗ್ರೀಕ್ ನೋಡಿದರೆ ಈ ವಾದ ನಿಲ್ಲುವುದಿಲ್ಲ. ಏಳುವ ದೇಹವನ್ನು ಪೌಲ "ಪ್ನ್ಯೂಮಾಟಿಕೋನ್" ಎನ್ನುತ್ತಾನೆ, ಅಂದರೆ ದೇವರಾತ್ಮನಿಂದ ನಡೆಯುವಂಥದ್ದು. ಈಗಿರುವ ಮಾಂಸದ ದೇಹವನ್ನು ಕರೆದಿರುವುದು "ಪ್ಸಿಖಿಕೋನ್" ಎಂದು. ಆ ಪದ ಹುಟ್ಟಿದ್ದು ಪ್ರಾಣ, ಜೀವ ಎಂಬ ಅರ್ಥದ ಪ್ಸಿಖೆಯಿಂದ. ಹಾಗಂತ ಈಗಿನ ದೇಹ ಪ್ರಾಣದಿಂದಲೇ ಮಾಡಿದ್ದು ಎಂದು ಯಾರಾದರೂ ಹೇಳುತ್ತಾರಾ? ಕರೆಂಟ್ ರೈಲು ಎಂದರೆ ಕರೆಂಟಿನಿಂದ ಮಾಡಿದ ರೈಲಲ್ಲ, ಕರೆಂಟಿನಿಂದ ಓಡುವ ರೈಲು. ಇದೂ ಹಾಗೆಯೇ. ದೇಹ ದೇಹವೇ, ಅದನ್ನು ನಡೆಸುವ ಶಕ್ತಿ ಬೇರೆ.

ಎದ್ದು ಬಂದ ಯೇಸುವನ್ನೇ ನೋಡಿ. ಶಿಷ್ಯರು ಭೂತವೆಂದು ಹೆದರಿದರು. ಆತ ಏನು ಮಾಡಿದ? ಭೂತಕ್ಕೆ ಮಾಂಸ, ಎಲುಬು ಇರುತ್ತದೆಯೇ, ಮುಟ್ಟಿ ನೋಡಿ ಎಂದ. ತಿನ್ನಲು ಏನಾದರೂ ಇದೆಯಾ ಎಂದು ಕೇಳಿ, ಸುಟ್ಟ ಮೀನಿನ ತುಂಡು ತೆಗೆದುಕೊಂಡು ಅವರ ಕಣ್ಣೆದುರೇ ತಿಂದ. ಯೋಹಾನನ ಸುವಾರ್ತೆಯಲ್ಲಿ ಮುಂಜಾನೆ ಕೆರೆಯ ದಂಡೆಯಲ್ಲಿ ಕೆಂಡ ಹಾಕಿ, ಮೀನು ಸುಟ್ಟು, ಬನ್ನಿ ಊಟ ಮಾಡಿ ಎಂದು ಕರೆಯುತ್ತಾನೆ. ಸಾವನ್ನು ಗೆದ್ದು ಬಂದವನು ಬೆಳಗಿನ ಊಟ ಮಾಡಿಕೊಟ್ಟ! ನಾನು ಎಷ್ಟು ಸಲ ಓದಿದರೂ ಈ ಜಾಗದಲ್ಲಿ ನಿಂತುಬಿಡುತ್ತೇನೆ.

ಗಾಯದ ಗುರುತುಗಳೂ ಇದ್ದವು. ನಂಬದೆ ಸಂಶಯಪಟ್ಟ ಶಿಷ್ಯ ತೋಮನಿಗೆ ತೋರಿಸಿದ್ದು ಅವನ್ನೇ. ನೋವು ಹೋಗಿತ್ತು, ಗುರುತು ಉಳಿದಿತ್ತು. ಇದನ್ನು ಹಳೆಯ ಕಾಲದ ಬಿಷಪ್ ಅಗಸ್ಟೀನ್ ಬಹಳ ಚೆನ್ನಾಗಿ ಹಿಡಿದಿದ್ದಾರೆ. ಹುತಾತ್ಮರ ಗಾಯದ ಗುರುತುಗಳು ಪುನರುತ್ಥಾನದಲ್ಲೂ ಉಳಿಯಬಹುದು, ಅವು ಕುಂದಲ್ಲ, ಗೌರವ ಎನ್ನುತ್ತಾರೆ. ಅದೇ ಅಗಸ್ಟೀನ್ ಕತ್ತರಿಸಿದ ಕೂದಲು, ಉಗುರು ಏನಾಗುತ್ತದೆ ಎಂದೂ ಪುಟಗಟ್ಟಲೆ ಚರ್ಚಿಸುತ್ತಾರೆ, ಅದು ಇಂದು ಓದುವವರಿಗೆ ಸ್ವಲ್ಪ ಜಾಸ್ತಿ ಆಯಿತು ಅನಿಸಬಹುದು. ಇರಲಿ. ದೇಹವನ್ನು ಅಷ್ಟು ಗಂಭೀರವಾಗಿ ತೆಗೆದುಕೊಂಡವರು ಮಾತ್ರ ಉಗುರಿನ ಬಗ್ಗೆಯೂ ತಲೆ ಕೆಡಿಸಿಕೊಳ್ಳುತ್ತಾರೆ.

"ಆ ದೇಹದಿಂದ ಬಿಡುಗಡೆ" ಎಂದು ಬರೆದಿದ್ದೀರಿ. ನೀವು ಕೇಳಿದ್ದು ನೋವಿನಿಂದ ಬಿಡುಗಡೆ, ಅದು ನನಗೆ ಅರ್ಥವಾಗುತ್ತದೆ. ಆದರೆ ದೇಹ ಎಂದರೆ ಸೆರೆಮನೆ, ಸಾವು ಅದರ ಬೀಗದ ಕೈ ಎಂಬ ಮಾತು ಬೈಬಲಿನದಲ್ಲ, ಗ್ರೀಕ್ ತತ್ವಜ್ಞಾನದ್ದು. ಸಾಕ್ರೆಟಿಸ್ ವಿಷದ ಬಟ್ಟಲನ್ನು ಶಾಂತವಾಗಿ ಕುಡಿದ. ಯೇಸು ಶಿಲುಬೆಗೆ ಹೋಗುವ ಮುನ್ನ ಗೆತ್ಸೆಮನೆ ತೋಟದಲ್ಲಿ ಬೆವರಿ, ಈ ಪಾತ್ರೆ ನನ್ನಿಂದ ತೊಲಗಲಿ ಎಂದು ಬೇಡಿಕೊಂಡ. ಈ ಎರಡು ಸಾವುಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದವರು ಆಸ್ಕರ್ ಕುಲ್ಮನ್ ಎಂಬ ಪಂಡಿತರು, 1955ರ ಒಂದು ಉಪನ್ಯಾಸದಲ್ಲಿ. ಅದಕ್ಕೆ ಅವರ ಮೇಲೆ ಸಿಟ್ಟಾದವರಲ್ಲಿ ಭಕ್ತರೇ ಇದ್ದರು! ಸಾವು ಸ್ನೇಹಿತನಾಗಿದ್ದರೆ ಲಾಜರನ ಸಮಾಧಿಯ ಹತ್ತಿರ ಯೇಸು ಯಾಕೆ ಅಳಬೇಕಿತ್ತು? ಪೌಲ ಸಾವನ್ನು ಕರೆದಿರುವುದೂ "ಕಡೆಯ ಶತ್ರು" ಎಂದೇ. ಅಥೆನ್ಸಿನಲ್ಲಿ ಅವನ ಭಾಷಣವನ್ನು ಜನ ಕೇಳುತ್ತಲೇ ಇದ್ದರು. ಸತ್ತವರು ಏಳುತ್ತಾರೆ ಎಂದ ಕೂಡಲೇ ಕೆಲವರು ಗೇಲಿ ಮಾಡಿದರು. ಆತ್ಮ ಅಮರ ಎಂದಿದ್ದರೆ ಅವರಲ್ಲಿ ಕೆಲವರಾದರೂ ಒಪ್ಪಿ ತಲೆ ಆಡಿಸುತ್ತಿದ್ದರು.

ಈಗ ನಿಮ್ಮನ್ನು ಸ್ವಲ್ಪ ಬೈಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಎಂಟು ವರ್ಷ ನೀವು ತೊಳೆದದ್ದು ಏನನ್ನು? ಆತ್ಮವನ್ನಲ್ಲ ಅಲ್ವಾ? ಆ ಬೆನ್ನು, ಆ ಹಿಮ್ಮಡಿ, ಆ ಕೈ. ಆಗ ನಾನು ಅಮ್ಮನ ಸೇವೆ ಮಾಡುತ್ತಿದ್ದೇನೆ ಅಂದುಕೊಂಡಿರೋ, ಅಮ್ಮ ಹಾಕಿಕೊಂಡಿದ್ದ ಬಟ್ಟೆಯ ಸೇವೆ ಅಂದುಕೊಂಡಿರೋ? ಇದೇ ಕೊರಿಂಥ ಪತ್ರಕ್ಕೆ ವ್ಯಾಖ್ಯಾನ ಬರೆಯುತ್ತಾ ತೊಮಾಸ್ ಅಕ್ವಿನಾಸ್ ಒಂದು ಮಾತು ಹೇಳುತ್ತಾರೆ: ನನ್ನ ಆತ್ಮ ನಾನಲ್ಲ. ಆತ್ಮಗಳಿಗೆ ಮಾತ್ರ ರಕ್ಷಣೆ ಸಿಕ್ಕರೆ ನನಗೂ ಸಿಕ್ಕಿಲ್ಲ, ಯಾವ ಮನುಷ್ಯನಿಗೂ ಸಿಕ್ಕಿಲ್ಲ. 13ನೇ ಶತಮಾನದ ಸನ್ಯಾಸಿಯ ಮಾತಿದು. ನಾವು ಪ್ರತಿ ಭಾನುವಾರ ಚರ್ಚಿನಲ್ಲಿ ಅಪೊಸ್ತಲರ ವಿಶ್ವಾಸ ಪ್ರಮಾಣ ಹೇಳುತ್ತೇವೆ. ಹಳೆಯ ಲ್ಯಾಟಿನ್ ಪಾಠದಲ್ಲಿ ಅಲ್ಲಿರುವ ಪದ ದೇಹ ಕೂಡ ಅಲ್ಲ, "ಮಾಂಸದ ಪುನರುತ್ಥಾನ". ನಾಜೂಕಿನವರಿಗೆ ಮುಜುಗರವಾಗಲಿ ಎಂದೇ ಇಟ್ಟ ಹಾಗಿದೆ.

ನನಗೆ ಸಿಟ್ಟು ಬರುವುದು ನಿಮ್ಮ ಮೇಲಲ್ಲ, ನಿಮಗೆ ಹೀಗೆ ಕಲಿಸಿದವರ ಮೇಲೆ. ಗೆಳೆಯನೊಬ್ಬನ ಶವಸಂಸ್ಕಾರಕ್ಕೆ ಹೋಗಿದ್ದೆ. ಪ್ರಸಂಗ ಮಾಡಿದವರು ಪೆಟ್ಟಿಗೆಯತ್ತ ಕೈ ತೋರಿಸಿ, ಇದು ಅವರಲ್ಲ, ಬರೀ ಖಾಲಿ ಚಿಪ್ಪು ಎಂದರು. ಆ ಹೊತ್ತಿಗೆ ಗೆಳೆಯನ ಚಿಕ್ಕ ಮಗಳು ಅಪ್ಪನ ಕೈಬೆರಳು ಹಿಡಿದುಕೊಂಡು ನಿಂತಿದ್ದಳು. ಮಾತು ಕೇಳಿ ಕೈ ಬಿಟ್ಟಳು. ಅದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ದೇಹ ಚಿಪ್ಪು ಎಂದು ಕಲಿಸಿದ ಕ್ರೈಸ್ತ ಸಭೆ, ಹಾಸಿಗೆ ಹಿಡಿದವರ ಮನೆಗೆ ಪ್ರಾರ್ಥನೆಗೆ ಹತ್ತು ನಿಮಿಷ ಬಂದು ಹೋಗುತ್ತದೆ. ಒಂದು ರಾತ್ರಿ ರೋಗಿಯ ಪಕ್ಕ ಕೂತು, ಸೇವೆ ಮಾಡುವ ಮಗಳಿಗೆ ನಿದ್ದೆ ಮಾಡಲು ಬಿಡುವವರು ಯಾರೂ ಇಲ್ಲ. ನಿಮ್ಮ ಎಂಟು ವರ್ಷದಲ್ಲಿ ಎಷ್ಟು ಜನ ಹಾಗೆ ಬಂದರು ಎಂದು ನೀವು ಬರೆದಿಲ್ಲ, ನನಗೆ ಕೇಳಲು ಧೈರ್ಯವೂ ಇಲ್ಲ. ಮೊದಲು ಹೀಗಿರಲಿಲ್ಲ. 4ನೇ ಶತಮಾನದಲ್ಲಿ ಕ್ರೈಸ್ತರನ್ನು ಕಂಡರಾಗದ ರೋಮ್ ಚಕ್ರವರ್ತಿ ಜೂಲಿಯನ್ ಕೂಡ, ಪರದೇಶಿಗಳಿಗೆ ಇವರು ತೋರುವ ದಯೆಯಿಂದ, ಸತ್ತವರ ಸಮಾಧಿಗಳನ್ನು ನೋಡಿಕೊಳ್ಳುವ ರೀತಿಯಿಂದ ಇವರ ಮತ ಬೆಳೆಯುತ್ತಿದೆ ಎಂದು ಪತ್ರದಲ್ಲಿ ಬರೆದ. ಅದೇ ಕಾಲದಲ್ಲಿ ಕೈಸರೇಯದ ಬಿಷಪ್ ಬಾಸಿಲ್ ಊರ ಹೊರಗೆ ರೋಗಿಗಳಿಗಾಗಿ ದೊಡ್ಡ ಆಸರೆ ಕಟ್ಟಿಸಿದ್ದರು. ಕುಷ್ಠರೋಗಿಗಳಿಗೂ ಅಲ್ಲಿ ಜಾಗ ಇತ್ತು. ದೇಹ ಚಿಪ್ಪಾಗಿದ್ದರೆ ಇಷ್ಟು ಕಷ್ಟ ಯಾಕೆ ಪಡಬೇಕಿತ್ತು?

ನಿಮ್ಮ ಪತ್ರದಲ್ಲಿ ಕಣ್ಣು ದಾನ ಮತ್ತು ದಹನದ ವಿಷಯ ಒಂದೇ ಸಾಲಿನಲ್ಲಿದೆ. ಆ ಸಾಲಿನಲ್ಲಿ ಭಯ ಇದೆ ಅನಿಸಿತು. ಭಯ ಬೇಡ. 177ರಲ್ಲಿ ಈಗಿನ ಫ್ರಾನ್ಸಿನ ಲಿಯೋನ್ ಪಟ್ಟಣದಲ್ಲಿ ಕ್ರೈಸ್ತ ಹುತಾತ್ಮರ ಶವಗಳನ್ನು ಆರು ದಿನ ಬಯಲಿನಲ್ಲಿ ಬಿಟ್ಟು, ಆಮೇಲೆ ಸುಟ್ಟು, ಬೂದಿಯನ್ನು ರೋನ್ ನದಿಗೆ ಗುಡಿಸಿ ಹಾಕಿದರು. ಈಗ ಇವರು ಹೇಗೆ ಏಳುತ್ತಾರೋ ನೋಡೋಣ ಎಂಬುದೇ ಕೊಂದವರ ಉದ್ದೇಶ. ಆ ಸುದ್ದಿಯನ್ನು ಬರೆದು ಕಳಿಸಿದ ಸಭೆಯವರು ಅತ್ತರು, ಆದರೆ ನಿರೀಕ್ಷೆ ಬಿಡಲಿಲ್ಲ. ಕಥೋಲಿಕ ಸಭೆ 1886ರಲ್ಲಿ ದಹನವನ್ನು ನಿಷೇಧಿಸಿತ್ತು, 1963ರಲ್ಲಿ ಆ ನಿಷೇಧ ತೆಗೆಯಿತು. ಹೂಳುವುದೇ ಮೇಲು ಎಂದು ಅದು ಈಗಲೂ ಹೇಳುತ್ತದೆ, ನನ್ನ ಮನಸ್ಸೂ ಆ ಕಡೆಗೇ. ಆದರೆ ಸುಟ್ಟರೆ ಏಳುವುದಿಲ್ಲ ಎಂದು ನಿಮ್ಮನ್ನು ಯಾರಾದರೂ ಹೆದರಿಸಿದರೆ, ಅವರು ದೇವರ ಶಕ್ತಿಯನ್ನು ಅಳೆಯುತ್ತಿದ್ದಾರೆ ಎಂದು ತಿಳಿಯಿರಿ. ಮಣ್ಣಿನಲ್ಲಿ ನಿಧಾನವಾಗಿ ಆಗುವುದು ಬೆಂಕಿಯಲ್ಲಿ ಬೇಗ ಆಗುತ್ತದೆ, ಅಷ್ಟೇ ವ್ಯತ್ಯಾಸ. ಕಣ್ಣಿನ ಮಾತಂತೂ ಬೇಡವೇ ಬೇಡ. ಮಕ್ಕಬಿಯರ ಎರಡನೇ ಗ್ರಂಥದಲ್ಲಿ, ನಂಬಿಕೆ ಬಿಡದೆ ರಾಜನ ಚಿತ್ರಹಿಂಸೆಯಲ್ಲಿ ಸತ್ತ ಏಳು ಜನ ಯೆಹೂದಿ ಅಣ್ಣತಮ್ಮಂದಿರ ಕಥೆ ಇದೆ. ಮೂರನೆಯವನು ಕೈಗಳನ್ನು ಮುಂದೆ ಚಾಚಿ, ಇವನ್ನು ಕೊಟ್ಟವನು ದೇವರು, ಆತನಿಂದಲೇ ಮತ್ತೆ ಪಡೆಯುತ್ತೇನೆ ಎಂದು ಹೇಳಿ ಸಾಯುತ್ತಾನೆ. ಕಿತ್ತುಕೊಂಡ ಕೈಯೇ ತಿರುಗಿ ಸಿಗುತ್ತದೆ ಎಂದ ಮೇಲೆ, ಪ್ರೀತಿಯಿಂದ ಕೊಟ್ಟ ಕಣ್ಣು ಸಿಗದೆ ಹೋಗುತ್ತದೆಯೇ?

ಅಗಸ್ಟೀನರ ತಾಯಿ ಮೋನಿಕಾ 387ರಲ್ಲಿ ತಮ್ಮ ಊರಿನಿಂದ ಬಹಳ ದೂರ, ಇಟಲಿಯ ಓಸ್ತಿಯಾದಲ್ಲಿ ಸತ್ತರು. ಗಂಡನ ಪಕ್ಕದಲ್ಲಿ ಸಮಾಧಿಗೆ ಜಾಗ ಮಾಡಿಟ್ಟುಕೊಂಡಿದ್ದವರು ಅವರು. ದೇಹವನ್ನು ಇಷ್ಟು ದೂರದಲ್ಲಿ ಬಿಡಲು ಭಯವಾಗುವುದಿಲ್ಲವೇ ಎಂದು ಕೇಳಿದಾಗ, ದೇವರಿಗೆ ಯಾವುದೂ ದೂರವಲ್ಲ, ಲೋಕದ ಕೊನೆಯಲ್ಲಿ ನನ್ನನ್ನು ಎಲ್ಲಿಂದ ಎಬ್ಬಿಸಬೇಕು ಎಂದು ಆತನಿಗೆ ತಿಳಿಯದೆ ಹೋಗುವ ಭಯವಿಲ್ಲ ಎಂದರಂತೆ.

ನಿಮ್ಮ ಪತ್ರದ ಕೊನೆಯ ಎರಡು ಸಾಲನ್ನು ನೀವೇ ಮತ್ತೆ ಓದಿ. ಅಮ್ಮ ತಲೆ ಮೇಲೆ ಕೈ ಇಟ್ಟ ಹಾಗೆ ಅನಿಸುತ್ತದೆ, ಅಷ್ಟೇ ಸಾಕು ಎಂದು ಬರೆದಿದ್ದೀರಿ. ನನಗೆ ನಂಬಿಕೆ ಬರಲಿಲ್ಲ. ಎಂಟು ವರ್ಷ ಆ ಕೈಯನ್ನು ತೊಳೆದು ಒರೆಸಿದವರಿಗೆ "ಅನಿಸುವುದು" ಹೇಗೆ ಸಾಕಾಗುತ್ತದೆ? ನಿಮಗೆ ಬೇಕಿರುವುದು ಆ ಕೈಯೇ. ಅದನ್ನು ಕೇಳಲು ಸಂಕೋಚ ಪಡಬೇಡಿ.