ಗುರುಗಳ ಪ್ರಶ್ನೆ: ಸ್ಮಾರಕ ತೋರಿಸಿದ ಮೇಲೆ ಏನು ಬರೆಸಬೇಕು?

ಪ್ರಶ್ನೆ: 9ನೇ ತರಗತಿ ಮಕ್ಕಳನ್ನು ಬೀದರ್ ಜಿಲ್ಲೆಯ ಗೋರಟಾ ಹುತಾತ್ಮ ಸ್ಮಾರಕಕ್ಕೆ ಕರೆದುಕೊಂಡು ಹೋಗಿದ್ದೆವು. ಮರುದಿನ ‘ಹುತಾತ್ಮರ ತ್ಯಾಗ’ ಅಂತ ಪ್ರಬಂಧ ಬರೆಸಿದರೆ ನಲವತ್ತು ಮಕ್ಕಳದ್ದೂ ಒಂದೇ ಪ್ರಬಂಧ. ಎಲ್ಲಿ ತಪ್ಪಿತು?
(ಕನ್ನಡ ಶಿಕ್ಷಕಿ, ಬಸವಕಲ್ಯಾಣ)

ಶೀರ್ಷಿಕೆಯಲ್ಲೇ ತಪ್ಪಿದೆ, ಮೇಡಂ. ಉತ್ತರ ನೀವೇ ಕೊಟ್ಟು ಪ್ರಶ್ನೆ ಕೇಳಿದ್ದೀರಿ. ಸ್ಮಾರಕ ನೋಡದೆಯೂ ಆ ಪ್ರಬಂಧ ಬರೆಯಬಹುದಿತ್ತು.

ಮುಂದಿನ ಸಲ ಹೊರಡುವ ಮುಂಚೆ ಒಂದೇ ಪೀರಿಯಡ್, ಮೂರೇ ಸಂಗತಿ ಹೇಳಿ. 1947ರ ಆಗಸ್ಟ್ 15ರಂದು ನಿಜಾಮರ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಲಿಲ್ಲ. 1948ರ ಮೇ ತಿಂಗಳಲ್ಲಿ ನಿಜಾಮರ ಪರವಿದ್ದ ಸಶಸ್ತ್ರ ಪಡೆಯವರಾದ ರಜಾಕಾರರು ಗೋರಟಾದಲ್ಲಿ ಹತ್ಯಾಕಾಂಡ ನಡೆಸಿದರು. ಅದೇ ವರ್ಷ ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಒಳಬಂತು, 17ಕ್ಕೆ ನಿಜಾಮರು ಸೋಲೊಪ್ಪಿಕೊಂಡರು. ಇದಕ್ಕಿಂತ ಹೆಚ್ಚು ಹೇಳಿದರೆ ಮಕ್ಕಳು ಅಲ್ಲಿ ನಿಮ್ಮ ಮಾತನ್ನೇ ಹುಡುಕುತ್ತಾರೆ.

ನೋಟ್‌ಬುಕ್ ಹಾಳೆಯನ್ನು ಉದ್ದಕ್ಕೆ ಮಡಚಿಸಿ: ಎಡಕ್ಕೆ ‘ಕಂಡದ್ದು’, ಬಲಕ್ಕೆ ‘ಕೇಳಬೇಕಾದದ್ದು’. ನಾಲ್ಕು ನಾಲ್ಕು ಮಕ್ಕಳ ಗುಂಪು ಮಾಡಿ. ಒಬ್ಬರು ಫಲಕದ ಬರಹವನ್ನು ಅಕ್ಷರ ತಪ್ಪದೆ ಇಳಿಸಿಕೊಳ್ಳಲಿ, ಒಬ್ಬರು ಹೆಜ್ಜೆ ಹಾಕಿ ಅಳೆಯಲಿ, ಒಬ್ಬರು ಚಿತ್ರ ಬಿಡಿಸಲಿ. ನಾಲ್ಕನೆಯವರು ಬಂದ ಜನ ಏನು ಮಾಡುತ್ತಾರೆಂದು ನೋಡಲಿ: ಚಪ್ಪಲಿ ಬಿಡುತ್ತಾರೋ, ಕೈ ಮುಗಿಯುತ್ತಾರೋ, ಸೆಲ್ಫಿ ತೆಗೆದುಕೊಂಡು ಹೊರಡುತ್ತಾರೋ. ಮೊದಲ ಹದಿನೈದು ನಿಮಿಷ ಮೇಷ್ಟ್ರೂ ಮಾತಾಡಬಾರದು. ಎಲ್ಲಕ್ಕಿಂತ ಕಷ್ಟದ ಭಾಗ ಇದೇ. ಮೊಬೈಲು ಕೊನೆಗೆ. ಫೋಟೊ ಮೊದಲೇ ತೆಗೆದರೆ ‘ಆಮೇಲೆ ನೋಡಿದರಾಯಿತು’ ಎಂದು ಯಾರೂ ನೋಡುವುದಿಲ್ಲ.

ಎಡಗಡೆ ಹತ್ತು ಸಾಲು ತುಂಬುವವರೆಗೆ ಬಲಗಡೆ ಮುಟ್ಟುವಂತಿಲ್ಲ. ‘ಭವ್ಯ ಧ್ವಜಸ್ತಂಭ’ ಅನ್ನುವುದು ಕಂಡದ್ದಲ್ಲ. ‘103 ಅಡಿ, ನಮ್ಮ ಶಾಲೆ ಮಾಳಿಗೆ 11 ಅಡಿ, ಅಂಥವು ಒಂಬತ್ತು ಪೇರಿಸಿದರೂ ಸಾಲದು’ ಅನ್ನುವುದು ಕಂಡದ್ದು. ಬಲಗಡೆ ಇಂಥದ್ದು ಬರಬೇಕು: ‘ಘಟನೆ 1948ರದ್ದು, ಈ ಸ್ಮಾರಕ ಉದ್ಘಾಟನೆಯಾದದ್ದು 2023ರಲ್ಲಿ. ನಡುವಿನ 75 ವರ್ಷ ಇದನ್ನು ಯಾರು, ಹೇಗೆ ನೆನಪಿಟ್ಟರು?’

ಅದೇ ವಾರ ಬರೆಸಿ. ತಾವೇ ಕೇಳಿದ ಒಂದು ಪ್ರಶ್ನೆ, 150 ಪದ. ಮೊದಲ ಕರಡಿನಲ್ಲಿ ವೀರ, ಅಮರ, ತ್ಯಾಗ, ಬಲಿದಾನ, ನೆತ್ತರು, ಈ ಐದು ಪದಕ್ಕೆ ನಿಷೇಧ. ಎರಡನೇ ಕರಡಿನಲ್ಲಿ ಬೇಕೇಬೇಕೆನಿಸಿದರೆ ಒಂದು ಬರಲಿ. ಊರ ಹಿರಿಯರನ್ನು ಮಾತಾಡಿಸುವುದಾದರೆ ಬೇಗ ಮಾಡಿ; ಆಗ ಹತ್ತು ವರ್ಷದವರಿಗೆ ಈಗ 85 ದಾಟಿದೆ. ‘ನೀವು ಕಣ್ಣಾರೆ ನೋಡಿದ್ದೇನು? ಹಿರಿಯರಿಂದ ಕೇಳಿದ್ದೇನು?’ ಎರಡನ್ನೂ ಬೇರೆ ಬೇರೆ ಕೇಳಬೇಕು. ಸತ್ತವರ ಸಂಖ್ಯೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಯಾವುದು ಬರೆದರೂ ಪಕ್ಕದಲ್ಲಿ ಯಾರು ಹೇಳಿದ್ದು ಎಂದಿರಲಿ.

ಪ್ರಶ್ನೆ: ತರಗತಿಯಲ್ಲಿ ಮುಸ್ಲಿಂ ಮಕ್ಕಳೂ ಇದ್ದಾರೆ. ರಜಾಕಾರರ ಮಾತು ತೆಗೆಯಲು ಹಿಂಜರಿಕೆ.
(ಸಮಾಜ ವಿಜ್ಞಾನ ಶಿಕ್ಷಕ, ಭಾಲ್ಕಿ)

ಮಾತು ತೆಗೆಯಿರಿ, ಆದರೆ ಪದ ಅಳೆದು. ರಜಾಕಾರರೆಂದರೆ ಕಾಸಿಂ ರಜ್ವಿ ನಾಯಕತ್ವದ ಸಶಸ್ತ್ರ ಪಡೆ, ಒಂದು ಸಮುದಾಯವಲ್ಲ. ‘ಅವರು’ ಎಂದು ಬರೆದ ಕಡೆಯೆಲ್ಲ ‘ಯಾರು?’ ಎಂದು ಅಂಚಿನಲ್ಲಿ ಕೇಳಿ. ರಜಾಕಾರರನ್ನು ಟೀಕಿಸಿದ್ದಕ್ಕೆ 1948ರ ಆಗಸ್ಟ್‌ನಲ್ಲಿ ಹೈದರಾಬಾದಿನಲ್ಲಿ ಕೊಲೆಯಾದವರು ‘ಇಮ್ರೋಜ್’ ಉರ್ದು ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್. ಅವರ ಹೆಸರು ಪಾಠದಲ್ಲಿರಲಿ. ಸೇನೆ ಬಂದ ನಂತರ ಈ ಭಾಗದ ಮುಸ್ಲಿಮರ ಮೇಲೂ ಹಿಂಸೆ ನಡೆಯಿತು. ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳಲ್ಲಿ, ಆ ಹಿಂಸೆಯನ್ನು ತಿಳಿಯಲು ಕೇಂದ್ರ ಸರ್ಕಾರ ಕಳಿಸಿದ ಸುಂದರಲಾಲ್ ಸಮಿತಿ ಬೀದರ್, ಗುಲಬರ್ಗಾ ಎರಡನ್ನೂ ಹೆಸರಿಸಿದೆ. 10ನೇ ತರಗತಿಗೆ ಇದನ್ನು ಮುಚ್ಚಿಡಬೇಕಿಲ್ಲ. ‘ನೀನು ರಜಾಕಾರ, ನೀನು ಹಳ್ಳಿಯವ’ ಎಂದು ನಾಟಕ ಮಾತ್ರ ಆಡಿಸಬೇಡಿ. ಆ ಹೆಸರು ಆಟದ ಮೈದಾನದವರೆಗೂ ಬಂದು ಯಾವನೋ ಒಬ್ಬ ಹುಡುಗನಿಗೆ ಅಂಟಿಕೊಳ್ಳುತ್ತದೆ.

ಪ್ರಶ್ನೆ: ನಮ್ಮ ಹಳ್ಳಿಯಲ್ಲಿ ಯುದ್ಧ ಸ್ಮಾರಕವೇ ಇಲ್ಲ. ಬಸ್ಸಿಗೆ ದುಡ್ಡೂ ಇಲ್ಲ.
(ಮುಖ್ಯ ಶಿಕ್ಷಕ, ಸೇಡಂ ತಾಲ್ಲೂಕು)

ಊರ ಅಗಸಿ, ಹಣಮಂದೇವರ ಗುಡಿ ಸುತ್ತ ಒಮ್ಮೆ ನೋಡಿ ಸರ್, ವೀರಗಲ್ಲು ಇದ್ದೀತು. ಅದನ್ನು ಓದುವುದು ಕೆಳಗಿನಿಂದ ಮೇಲಕ್ಕೆ. ಸಾಮಾನ್ಯವಾಗಿ ಕೆಳಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲೆ ಶಿವಲಿಂಗದ ಎದುರು ಆತ, ತುದಿಗೆ ಸೂರ್ಯ-ಚಂದ್ರ. ಕಾಳಗದ ಪಟ್ಟಿಯಲ್ಲಿ ದನ ಕಂಡರೆ ಅದು ತುರುಗೋಳಿನ, ಅಂದರೆ ದನ ಹಿಡಿದೊಯ್ಯುವ ದಾಳಿಯ ಜಗಳ. ನಡುಮಧ್ಯಾಹ್ನ ಹೋದರೆ ಏನೂ ಕಾಣುವುದಿಲ್ಲ. ಬೆಳಿಗ್ಗೆ ಎಂಟರೊಳಗೆ ಅಥವಾ ಐದರ ಮೇಲೆ ಬಿಸಿಲು ಓರೆಯಾಗಿ ಬಿದ್ದಾಗ ಗೆರೆಗಳು ಏಳುತ್ತವೆ. ನೆರಳಿನಲ್ಲಿದ್ದರೆ ಟಾರ್ಚನ್ನು ಕಲ್ಲಿನ ಅಂಚಿಗೆ ತಾಗಿಸಿ ಅಡ್ಡ ಹಿಡಿಯಿರಿ. ಸೀಮೆಸುಣ್ಣ ತುಂಬುವುದು, ತಂತಿ ಬ್ರಷ್‌ನಿಂದ ತಿಕ್ಕುವುದು ಬೇಡವೇ ಬೇಡ, ಸವೆದ ಅಕ್ಷರ ಮರಳಿ ಬಾರದು. ಎಣ್ಣೆ, ಕುಂಕುಮ ಹಚ್ಚಿದ್ದರೆ ಪೂಜೆ ಮಾಡುವವರನ್ನು ಕೇಳಿಯೇ ಹತ್ತಿರ ಹೋಗಿ. ಆ ಕುಂಕುಮವೂ ‘ಕಂಡದ್ದು’ ಪಟ್ಟಿಗೆ ಸೇರುತ್ತದೆ.

ಬರೆಯಲು ಹಚ್ಚುವ ಮೊದಲು ಆತಕೂರು ಶಾಸನದ ಮಾತು ಹೇಳಿ. ಮಂಡ್ಯ ಜಿಲ್ಲೆಯ ಈ ಕಲ್ಲು ಕ್ರಿ.ಶ. 949-50ರದ್ದು. ನಿಮ್ಮ ಮಳಖೇಡದಿಂದ ಆಳಿದ ರಾಷ್ಟ್ರಕೂಟರ ಮೂರನೆಯ ಕೃಷ್ಣ ತಕ್ಕೋಲದಲ್ಲಿ ಚೋಳರನ್ನು ಗೆದ್ದ ಸುದ್ದಿ ಅದರಲ್ಲಿದೆ. ಆದರೆ ಕಲ್ಲು ನಿಲ್ಲಿಸಿದ್ದು ಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಗೆ! ಆ ಯುದ್ಧದಲ್ಲಿ ಸತ್ತ ಸಾಮಾನ್ಯ ಸೈನಿಕನ ಹೆಸರು ಯಾವ ಕಲ್ಲಿನಲ್ಲಿದೆ ಎಂದು 7ನೇ ತರಗತಿಯವರೂ ಕೇಳುತ್ತಾರೆ.

ಪ್ರಶ್ನೆ: ಇಂಥ ಬರವಣಿಗೆಗೆ ಅಂಕ ಹೇಗೆ ಕೊಡುವುದು?
(ಶಿಕ್ಷಕಿ, ಶಹಾಪುರ)

20ಕ್ಕೆ: ಕಂಡ ವಿವರಕ್ಕೆ 8, ಪ್ರಶ್ನೆಗೆ 4, ಯಾರು ಹೇಳಿದ್ದು ಎಂದು ನಮೂದಿಸಿದ್ದಕ್ಕೆ 4, ಭಾಷೆಗೆ 4. ಕಾಗುಣಿತದ ಕೆಂಪು ಗೆರೆ ಎರಡನೇ ಕರಡಿಗೆ ಇಟ್ಟುಕೊಳ್ಳಿ.