ಉರುಳಿಗೆ ಬಿದ್ದ ಚಿರತೆ ಮೂರನೆಯ ದಿನ ಏಕೆ ಸಾಯುತ್ತದೆ?

ಹಾಸನ, ಕೊಡಗು, ಮೈಸೂರು, ಚಾಮರಾಜನಗರ ಜಿಲ್ಲೆಗಳಿಂದ ಬರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ದೂರನ್ನು ಬೇರೆ ಬೇರೆ ಮಾತುಗಳಲ್ಲಿ ಹೇಳುತ್ತವೆ. ಅದಕ್ಕೆ ಈ ಬಾರಿ ವಿಸ್ತಾರವಾಗಿ ಉತ್ತರಿಸಿ, ಉಳಿದ ಪ್ರಶ್ನೆಗಳನ್ನು ಚುಟುಕಾಗಿ ಮುಗಿಸುತ್ತೇನೆ.

ಪ್ರಶ್ನೆ: ಪಕ್ಕದ ಕಾಫಿ ತೋಟದ ಬೇಲಿಯಲ್ಲಿ ಹಂದಿಗೆ ಹಾಕಿದ್ದ ಉರುಳಿಗೆ ಚಿರತೆಯೊಂದು ಸಿಕ್ಕಿಕೊಂಡಿತ್ತು. ವೈದ್ಯರ ವಾಹನ ಬಂದ ಮೇಲೂ ಅರ್ಧ ಗಂಟೆ ಏನೂ ಮಾಡಲಿಲ್ಲ. ಆಮೇಲೆ ಹೊಡೆದ ಮದ್ದು ಏರದೆ ಇನ್ನೊಮ್ಮೆ ಹೊಡೆದರು. ಬಿಡಿಸಿ ಬೋನಿನಲ್ಲಿ ಒಯ್ದ ಚಿರತೆ ಮೂರನೆಯ ದಿನ ಸತ್ತಿತು. ಮದ್ದು ಹೆಚ್ಚಾಗಿಯೇ ಸತ್ತಿತೆಂದು ಊರಿನವರು ಹೇಳುತ್ತಾರೆ, ನಿಜವೇ?

ಉತ್ತರ: ನಾನು ನೋಡದ ಪ್ರಾಣಿಯ ಸಾವಿಗೆ ಕಾರಣ ಹೇಳಲಾರೆ; ಅದನ್ನು ಮರಣೋತ್ತರ ಪರೀಕ್ಷೆ ಹೇಳಬೇಕು. ಆದರೆ ನೀವು ಬರೆದಿರುವ ಕ್ರಮದಲ್ಲಿ ಸತ್ತ ಚಿರತೆಯ ವಿಷಯದಲ್ಲಿ ನನ್ನ ಮೊದಲ ಅನುಮಾನ ಮದ್ದಿನ ಮೇಲೆ ಹೋಗುವುದಿಲ್ಲ, ತಂತಿಯ ಮೇಲೆ ಹೋಗುತ್ತದೆ.

ಚಿರತೆಗೆ ಸಾಮಾನ್ಯವಾಗಿ ಕೊಡುವುದು ಕೆಟಮಿನ್ ಮತ್ತು ಕ್ಸೈಲಜಿನ್ ಎಂಬ ಎರಡು ಔಷಧಗಳ ಮಿಶ್ರಣವನ್ನು. ಪ್ರಮಾಣ ಮಿತಿಮೀರಿದರೆ ಅದರ ಪರಿಣಾಮ ಪ್ರಾಣಿ ಮಲಗಿರುವಾಗಲೇ ಉಸಿರಾಟ ನಿಧಾನವಾಗುವುದರಲ್ಲಿ, ಹೃದಯದ ಬಡಿತ ಇಳಿಯುವುದರಲ್ಲಿ ಕಾಣುತ್ತದೆ. ಕ್ಸೈಲಜಿನ್ನಿನ ಪ್ರಭಾವವನ್ನು ಇಳಿಸುವ ಯೋಹಿಂಬಿನ್‌ನಂಥ ಪ್ರತಿಮದ್ದು ವೈದ್ಯರ ಪೆಟ್ಟಿಗೆಯಲ್ಲೇ ಇರುತ್ತದೆ; ಕೆಟಮಿನ್‌ಗೆ ಅಂಥ ಪ್ರತಿಮದ್ದಿಲ್ಲ, ಅದು ತಾನಾಗಿ ಇಳಿಯುವವರೆಗೆ ಕಾಯಬೇಕು. ಎದ್ದು ಕೂತು, ನೀರು ಕುಡಿದು, ಎರಡು ದಿನ ಬೋನಿನಲ್ಲಿ ಗುರುಗುಟ್ಟಿದ ಚಿರತೆಯ ಸಾವನ್ನು ಮೊದಲ ದಿನದ ಮದ್ದಿಗೆ ಕಟ್ಟುವುದು ಕಷ್ಟ.

ಬೈಕಿನ ಬ್ರೇಕ್ ವೈರಿನಿಂದ ಮಾಡಿದ ಉರುಳು ಸೊಂಟಕ್ಕೆ ಬಿದ್ದಾಗ ಚಿರತೆ ಎಳೆದಷ್ಟೂ ಅದು ಬಿಗಿಯುತ್ತದೆ. ತಂತಿಯ ಹಿಂದಿನ ಭಾಗಕ್ಕೆ ರಕ್ತ ಸರಿಯಾಗಿ ಹರಿಯದೆ, ಜೊತೆಗೆ ಗಂಟೆಗಟ್ಟಲೆ ಜಗ್ಗಾಡಿದ ದಣಿವಿನಿಂದ ಸ್ನಾಯುಗಳು ಒಳಗೊಳಗೇ ಒಡೆಯತೊಡಗುತ್ತವೆ. ತಂತಿ ಕತ್ತರಿಸಿದ ಕ್ಷಣದಲ್ಲಿ ಆ ಒಡೆದ ಸ್ನಾಯುವಿನ ವಿಷವೆಲ್ಲ ರಕ್ತಕ್ಕೆ ಸೇರಿ, ಹೃದಯವನ್ನೂ ಮೂತ್ರಪಿಂಡಗಳನ್ನೂ ಕೆಡಿಸುತ್ತದೆ. ಮೂತ್ರ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತೆಂದರೆ ವೈದ್ಯರ ಮುಖ ಬಾಡುವುದು ಇದಕ್ಕೇ. ಸಲೈನ್ ಏರಿಸಿ ಕಾಯುವುದನ್ನು ಬಿಟ್ಟರೆ ಆಗ ಮಾಡಬಹುದಾದದ್ದು ಬಹಳ ಕಡಿಮೆ. ಚರ್ಮದ ಮೇಲೆ ಗೀರು ಮಾತ್ರ ಕಾಣುವ ಚಿರತೆಯ ಹೊಟ್ಟೆಯೊಳಗೆ ಕರುಳು ಜಜ್ಜಿರುವುದೂ ಉಂಟು. ಬಿಡಿಸಿದ ಕೂಡಲೇ ಕಾಡಿಗೆ ಬಿಡಿ ಎಂದು ಜೀಪಿಗೆ ಅಡ್ಡ ನಿಲ್ಲುವವರು ಇದನ್ನು ತಿಳಿದಿರಬೇಕು. ಸೊಂಟಕ್ಕೆ ಉರುಳು ಬಿದ್ದ ಪ್ರಾಣಿಯನ್ನು ಕೂರ್ಗಳ್ಳಿಯ ಅಥವಾ ಬನ್ನೇರುಘಟ್ಟದ ವನ್ಯಜೀವಿ ಪುನರ್ವಸತಿ ಕೇಂದ್ರಕ್ಕೆ ಒಯ್ದು ಕೆಲವು ದಿನ ಗಮನಿಸದೆ ಬಿಡುವುದನ್ನು ನಾನು ಒಪ್ಪುವುದಿಲ್ಲ.

ಇನ್ನು ಆ ಅರ್ಧ ಗಂಟೆ. ಚಿರತೆಗೆ ಅರಿವಳಿಕೆ ಕೊಡಲು ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ದೂರದಿಂದಲೇ ತೂಕ ಅಂದಾಜು ಮಾಡಿ ಮದ್ದಿನ ಪ್ರಮಾಣ ನಿರ್ಧರಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ತಂತಿಯನ್ನು ಯಾವುದಕ್ಕೆ ಕಟ್ಟಿದೆ ಎಂದು ನೋಡಬೇಕು. ಏಕೆಂದರೆ ಸೂಜಿ ತಾಗಿದ ಕೂಡಲೇ ಪ್ರಾಣಿ ಒಮ್ಮೆ ಮೈಯೆಲ್ಲ ಬಲ ಹಾಕಿ ನೆಗೆಯುತ್ತದೆ, ಗೂಟ ಕಿತ್ತು ಬಂದರೆ ಅದು ಇಳಿಯುವುದು ಮೊಬೈಲ್ ಹಿಡಿದು ನಿಂತ ನಿಮ್ಮ ನಡುವೆ. ಸಿನಿಮಾದಲ್ಲಿ ತೋರಿಸುವಂತೆ ಸೂಜಿ ತಾಗಿದೊಡನೆ ಯಾವ ಪ್ರಾಣಿಯೂ ಉರುಳುವುದಿಲ್ಲ. ಮದ್ದು ಸ್ನಾಯುವಿನಿಂದ ರಕ್ತಕ್ಕೆ ಸೇರಲು ಶಾಂತವಾಗಿರುವ ಚಿರತೆಯಲ್ಲೇ ಹತ್ತು ನಿಮಿಷದಷ್ಟು ಹೊತ್ತು ಬೇಕಾಗುತ್ತದೆ. ಸುತ್ತ ಜನ ಕೂಗಿ, ನಾಯಿ ಬೊಗಳಿ, ಯಾರೋ ಪಟಾಕಿ ಹಚ್ಚಿದರೆ ಹೆದರಿದ ದೇಹವೇ ಮದ್ದಿನ ವಿರುದ್ಧ ಕಾದಾಡುತ್ತದೆ. ಎರಡನೆಯ ಸಲ ಹೊಡೆಯಬೇಕಾಗಿ ಬರುವುದು ಬಹುಮಟ್ಟಿಗೆ ಹೀಗೆ.

ನೀವು ಮಾಡಬೇಕಾದದ್ದು ಇಷ್ಟೆ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ, ಪ್ರಾಣಿಯನ್ನು ಮೊದಲು ಕಂಡದ್ದು ಎಷ್ಟು ಹೊತ್ತಿಗೆ, ತಂತಿ ಕುತ್ತಿಗೆಗೋ ಸೊಂಟಕ್ಕೋ ಕಾಲಿಗೋ, ಅದು ನಿಂತಿದೆಯೋ ಮಲಗಿದೆಯೋ ಎಂದು ತಿಳಿಸಿ, ನಾಯಿಗಳನ್ನು ಕಟ್ಟಿಹಾಕಿ, ಅಲ್ಲಿಂದ ಹೊರಡಿ. ಕನಿಕರದಿಂದ ಕೋಳಿ ಎಸೆಯಬೇಡಿ. ಕ್ಸೈಲಜಿನ್ ಬಿದ್ದ ಚಿರತೆ ವಾಂತಿ ಮಾಡುತ್ತದೆ, ಅದು ಶ್ವಾಸನಾಳಕ್ಕೆ ಹೋದರೆ ಉಳಿಸುವುದು ಕಷ್ಟ. ‘ಹಂದಿಗೆಂದು ಹಾಕಿದ್ದು, ಚಿರತೆಗಲ್ಲ’ ಎಂಬ ಸಮಜಾಯಿಷಿಯನ್ನು ನನಗೆ ಬರೆಯಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಉರುಳು ಒಡ್ಡುವುದೂ ಬೇಟೆಯೇ.

ಪ್ರಶ್ನೆ: ಬಾವಿಗೆ ಬಿದ್ದ ಚಿರತೆಗೆ ಮೇಲಿಂದಲೇ ಮದ್ದು ಹೊಡೆದು ಎತ್ತಬಾರದೇ?

ಉತ್ತರ: ನೀರಿರುವ ಬಾವಿಯಾದರೆ ಪ್ರಜ್ಞೆ ತಪ್ಪಿ ಮುಳುಗಿ ಸಾಯುತ್ತದೆ. ಮೊದಲು ಹಗ್ಗ ಕಟ್ಟಿದ ಮಂಚ ಇಳಿಬಿಡಬೇಕು.

ಪ್ರಶ್ನೆ: ನಮ್ಮ ಗ್ರಾಮ ಪಂಚಾಯಿತಿಯೇ ಒಂದು ಅರಿವಳಿಕೆ ಬಂದೂಕು ಕೊಂಡಿಟ್ಟುಕೊಳ್ಳಬಹುದೇ?

ಉತ್ತರ: ಬೇಡ.

ಪ್ರಶ್ನೆ: ಕಾಲಿಗೆ ಗಾಯವಾಗಿ ಹುಳು ಬಿದ್ದಿರುವ ಕಾಡಾನೆಯೊಂದು ತೋಟಕ್ಕೆ ಬರುತ್ತಿದೆ. ಹಲಸಿನ ಹಣ್ಣಿನಲ್ಲಿಟ್ಟು ತಿನ್ನಿಸಲು ನಾಟಿ ವೈದ್ಯರೊಬ್ಬರು ಮದ್ದು ಕೊಡುತ್ತೇನೆಂದು ಹಣ ಕೇಳಿದ್ದಾರೆ. ಕೊಡಿಸಬಹುದೇ?

ಉತ್ತರ: ಹಣ ಕೊಡಬೇಡಿ. ಹಣ್ಣಿನಲ್ಲಿ ಔಷಧವಿಟ್ಟು ತಿನ್ನಿಸುವ ಕ್ರಮ ಇಲಾಖೆಯ ವೈದ್ಯರಲ್ಲೂ ಇದೆ. ಈ ಪುಣ್ಯಾತ್ಮರು ಅದನ್ನು ಅರ್ಧ ಕೇಳಿಸಿಕೊಂಡಿದ್ದಾರೆ. ನೋವಿನಲ್ಲಿರುವ ಆನೆಗೆ ತೋಟದ ಹಣ್ಣಿನ ರುಚಿ ಹತ್ತಿಸಿದರೆ ಅದು ನಾಳೆ ನಿಮ್ಮ ಕೆಲಸಗಾರರ ಲೈನ್‌ಮನೆಯ ಅಂಗಳಕ್ಕೇ ಬರುತ್ತದೆ. ಮಲಗಿಸಿ ಗಾಯ ತೊಳೆಯುವುದೂ ಸುಲಭವಲ್ಲ: ಅರಿವಳಿಕೆಯಲ್ಲಿ ಆನೆ ಪಕ್ಕಕ್ಕೆ ಮಲಗದೆ ಎದೆಯ ಮೇಲೆ ಕುಸಿದರೆ ತನ್ನ ಭಾರಕ್ಕೆ ತಾನೇ ಉಸಿರುಗಟ್ಟುತ್ತದೆ. 2023ರ ಆಗಸ್ಟ್ 31ರಂದು ಆಲೂರು ತಾಲ್ಲೂಕಿನಲ್ಲಿ, ಗಾಯಗೊಂಡಿದ್ದ ಭೀಮ ಎಂಬ ಕಾಡಾನೆಗೆ ಚಿಕಿತ್ಸೆಗಾಗಿ ಅರಿವಳಿಕೆ ನೀಡುವ ಕಾರ್ಯಾಚರಣೆಯಲ್ಲಿ, ಆನೆಗಳ ನಡುವೆಯೇ ಬದುಕು ಸವೆಸಿದ್ದ ‘ಆನೆ’ ವೆಂಕಟೇಶ್ ಅವರೇ ಅದರ ದಾಳಿಗೆ ಸಿಕ್ಕಿ ತೀರಿಕೊಂಡರು. ಅಷ್ಟು ಬಲ್ಲವರಿಗೇ ಹಾಗಾಗಿರುವಾಗ ನಿಮ್ಮ ನಾಟಿ ವೈದ್ಯರನ್ನು ಆ ಆನೆಯ ಹತ್ತಿರಕ್ಕೆ ಬಿಡಬೇಡಿ. ಆನೆ ಯಾವ ಕಾಲನ್ನು ಊರುತ್ತಿಲ್ಲ, ಎಷ್ಟು ಹೊತ್ತಿಗೆ ಎಲ್ಲಿ ನೀರು ಕುಡಿಯುತ್ತದೆ ಎಂಬುದನ್ನು ದೂರದಿಂದ ಗಮನಿಸಿ, ವಲಯ ಅರಣ್ಯಾಧಿಕಾರಿಗೆ ಬರೆದುಕೊಡಿ.