ಆರು ಜಿಲ್ಲೆಗಳ ಕಾನೂನು, ಇಡೀ ಸಂಸತ್ತಿನ ಮತ

ದೇಶದ ಒಂದು ಭಾಗಕ್ಕೆ ಮಾತ್ರ ಅನ್ವಯವಾಗುವ ಕಾನೂನಿಗೆ ಆ ಭಾಗದ ಸದಸ್ಯರಷ್ಟೇ ಮತ ಹಾಕುತ್ತಾರೆಯೇ ಎಂದು ಕೇಳಿದ್ದೀರಿ. ನಮ್ಮ ಸಂಸತ್ತಿನಲ್ಲಿ ಹಾಗಿಲ್ಲ. ಬೀದರಿನವನಾದ ನನಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಅಂಕಪಟ್ಟಿ, ಜಾತಿ ಪ್ರಮಾಣಪತ್ರಗಳ ಜೊತೆ ಅದೇ ಪ್ಲಾಸ್ಟಿಕ್ ಫೈಲಿನಲ್ಲಿ ಈ ಭಾಗದವರಿಗೆ ನೌಕರಿ, ಶಿಕ್ಷಣದಲ್ಲಿ ಮೀಸಲಾತಿಗೆ ದಾರಿ ಮಾಡಿದ ಸಂವಿಧಾನದ 371(ಜೆ) ವಿಧಿಯ, ಸಹಾಯಕ ಆಯುಕ್ತರ ಸಹಿಯುಳ್ಳ ಅರ್ಹತಾ ಪ್ರಮಾಣಪತ್ರವನ್ನೂ ಜೋಪಾನ ಮಾಡಿಟ್ಟ ಮನೆಗಳು ಇಲ್ಲಿ ಬೇಕಾದಷ್ಟಿವೆ.

ಆ ವಿಧಿಯನ್ನು ಸಂವಿಧಾನಕ್ಕೆ ಸೇರಿಸಿದ 98ನೇ ತಿದ್ದುಪಡಿಗೆ ಸಂಸತ್ತು 2012ರ ಡಿಸೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಅದು ಅಂದಿನ ಹೈದರಾಬಾದ್ ಕರ್ನಾಟಕದ ಆರು ಜಿಲ್ಲೆಗಳಿಗೆ ಸಂಬಂಧಿಸಿದ್ದು. ಲೋಕಸಭೆಯ 543 ಕ್ಷೇತ್ರಗಳಲ್ಲಿ ನಮ್ಮ ಭಾಗದವು ಐದು. ತಿದ್ದುಪಡಿಗೆ ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡರಷ್ಟು ಜನರ, ಜೊತೆಗೆ ಸದನದ ಒಟ್ಟು ಸದಸ್ಯಬಲದ ಅರ್ಧಕ್ಕಿಂತ ಹೆಚ್ಚಿನವರ ಬೆಂಬಲ ಬೇಕು. ಈ ಲೆಕ್ಕದಲ್ಲಿ ಬೀದರಿನ ಸದಸ್ಯರ ಮತಕ್ಕೂ ಅಸ್ಸಾಮಿನ ಸದಸ್ಯರ ಮತಕ್ಕೂ ತೂಕ ಒಂದೇ.

ಬ್ರಿಟನ್ನಿನ ಕಾಮನ್ಸ್ ಸಭೆ, ಇಂಗ್ಲೆಂಡಿಗಷ್ಟೇ ಸಂಬಂಧಿಸಿದ ಮಸೂದೆಗೆ ಅಲ್ಲಿನ ಸದಸ್ಯರ ಪ್ರತ್ಯೇಕ ಒಪ್ಪಿಗೆ ಬೇಕೆಂದು 2015ರಲ್ಲಿ ನಿಯಮ ಮಾಡಿ 2021ರಲ್ಲಿ ಅದನ್ನು ಕೈಬಿಟ್ಟಿತು. ನಮ್ಮಲ್ಲಿ ಅದಕ್ಕೆ ಹತ್ತಿರವಾದದ್ದು ನಾಗಾಲ್ಯಾಂಡಿನ 371(ಎ): ನಾಗಾ ಜನರ ಧಾರ್ಮಿಕ, ಸಾಮಾಜಿಕ ಆಚರಣೆ ಮತ್ತು ಭೂಮಿಯ ಒಡೆತನದಂಥ ವಿಷಯಗಳಲ್ಲಿ ಸಂಸತ್ತಿನ ಕಾಯ್ದೆಯನ್ನು ಅಲ್ಲಿನ ವಿಧಾನಸಭೆ ಠರಾವು ಮಾಡಿ ಒಪ್ಪುವವರೆಗೆ ಅದು ಅಲ್ಲಿ ಜಾರಿಯಾಗದು. ಅಂಥ ತಡೆಯುವ ಅಧಿಕಾರ ಎಲ್ಲರಿಗೂ ಇಲ್ಲ. ನಮ್ಮ ಗಡಿಯಾಚೆಯೇ, 2014ರಲ್ಲಿ, ತೆಲಂಗಾಣದ ಮಸೂದೆಯನ್ನು ಆಂಧ್ರ ವಿಧಾನಸಭೆ ತಿರಸ್ಕರಿಸಿತು, ಸಂಸತ್ತು ಅಂಗೀಕರಿಸಿತು. ಹೊಸ ರಾಜ್ಯ ರಚನೆಗೆ ಸಂವಿಧಾನದ ಮೂರನೇ ವಿಧಿಯ ಪ್ರಕಾರ ರಾಜ್ಯದ ಅಭಿಪ್ರಾಯ ಕೇಳಿದರೆ ಸಾಕು, ಒಪ್ಪಿಗೆ ಬೇಕಿಲ್ಲ.

ಅದೇ ಗಡಿಯಾಚೆಯ ಜಹೀರಾಬಾದಿನವರಿಗೆ 1973ರ 32ನೇ ತಿದ್ದುಪಡಿಯಿಂದಲೇ, ನೌಕರಿ ಮತ್ತು ಶಿಕ್ಷಣದಲ್ಲಿ ಸ್ಥಳೀಯರಿಗೆ ಅವಕಾಶ ಕೊಡುವ ಇಂಥದ್ದೇ 371(ಡಿ) ವಿಧಿ ಇತ್ತು; ನಾವು ಸುಮಾರು ನಾಲ್ಕು ದಶಕ ಅದನ್ನು ನೋಡುತ್ತ ಕುಳಿತಿದ್ದೆವು. ಕೊನೆಗೆ ಸಿಕ್ಕಿದ ವಿಧಿಯಲ್ಲಿ ಮೀಸಲಾತಿಯ ಅಂಕಿಯೇ ಇಲ್ಲ. ಈ ಭಾಗದ ಸಿ ಗುಂಪಿನ ಹುದ್ದೆಗಳಲ್ಲಿ ಶೇಕಡಾ 80, ಡಿ ಗುಂಪಿನಲ್ಲಿ ಶೇಕಡಾ 85 ಸ್ಥಳೀಯರಿಗೆ ಎಂಬುದು 2013ರ ರಾಜ್ಯಪಾಲರ ಆದೇಶದಿಂದ ಬಂದದ್ದು. ಆದರೆ ಈ ಭಾಗದ ಅಭಿವೃದ್ಧಿ ಮಂಡಳಿಯ ವರದಿ ಪ್ರತಿವರ್ಷ ವಿಧಾನಸಭೆಯ ಮುಂದೆ ಬರಬೇಕೆಂದು ವಿಧಿಯೇ ಹೇಳುತ್ತದೆ. ಅಲ್ಲಿ 224 ಸ್ಥಾನಗಳಲ್ಲಿ ನಮ್ಮವು 41. ನನ್ನ ಮಟ್ಟಿಗೆ ಪ್ರಮಾಣಪತ್ರಕ್ಕಿಂತ ವಿಧಿಯಲ್ಲಿ ವರದಿಯ ಬಗ್ಗೆ ಇರುವ ಆ ಸಾಲಿಗೇ ಬೆಲೆ ಹೆಚ್ಚು. ಕಚೇರಿಯ ಮುಂದೆ ಅರ್ಜಿ ಹಿಡಿದು ನಿಂತ ಹುಡುಗನಿಗೆ ಇದನ್ನು ಹೇಳಿದರೆ ಮಾತ್ರ, ಮೊದಲು ಸಹಿ ಆಗಲಿ ಕಾಕಾ ಎನ್ನುತ್ತಾನೆ.